ಇಂದಿನ ಧಮ್ಮ ಚಿಂತನೆ: ಮುಚ್ಚಿದ ಮುಷ್ಟಿ



ಧಮ್ಮ ಬಂಧುಗಳೇ, ನಿನ್ನೆ ಸಂಜೆ ನಿಂಬರ್ಗಾದಲ್ಲಿ ವಂದನೆ ಮುಗಿದ ಮೇಲೆ ದ್ವಿತೀಯ ಪಿಯುಸಿಯ ಇಬ್ಬರು ಮಕ್ಕಳು ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತ ಕುಳಿತಿದ್ದರು. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಹುಡುಗನಿಗೆ 12 ಬಂತು. ಸರಿ ಉತ್ತರ 60 ಎಂದು ಹುಡುಗಿಗೆ ಗೊತ್ತಿತ್ತು, ಹೇಳಿಬಿಡಲಿಲ್ಲ. "ಬೆಳಕು ಯಾವ ಕಡಿ ಹೊಂಟದ ನೋಡು. ಮಸೂರದಿಂದ ವಸ್ತುವಿನ ಕಡಿ ಅಳೆದ್ರ ಬೆಳಕಿಗೆ ಎದುರು ಹೋದಂಗಾಯ್ತಿಲ್ಲ? ಅದಕ್ಕ 30ಕ್ಕ ಮೈನಸ್" ಎಂದಳು. ಅವನೇ ಮತ್ತೆ ಬಿಡಿಸಿದ. 60 ಬಂತು.

ನನಗೆ ನನ್ನ ಪಿಯುಸಿ ನೆನಪಾಯಿತು. ಇದೇ ತಪ್ಪು ಮಾಡುತ್ತಿದ್ದ ಗೆಳೆಯ ಕೇಳಲು ಬಂದಾಗ, ನನಗಿಂತ ಹೆಚ್ಚು ಅಂಕ ತೆಗೆದಾನೆಂದು ನೋಟ್‌ಬುಕ್ ಮುಚ್ಚಿದ್ದೆ. ಅವನು ಫೇಲಾದ, ಪುಣೆಗೆ ಕೂಲಿಗೆ ಹೋದ. ಒಂದು ಮೈನಸ್ಸಿನಿಂದಲೇ ಹಾಗಾಗಿರಲಿಕ್ಕಿಲ್ಲ. ಆದರೂ ನೋಟ್‌ಬುಕ್ ಮುಚ್ಚಿದ ಕೈ ನನ್ನದೇ.

ಕಲಿಸುವಾಗ ತಾವು ಯಾವುದನ್ನೂ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಿಲ್ಲ ಎಂದು ತಥಾಗತರು ಆನಂದನಿಗೆ ತಿಳಿಸಿದ್ದನ್ನು ಮಹಾಪರಿನಿಬ್ಬಾಣ ಸುತ್ತದಲ್ಲಿ ಓದುತ್ತೇವೆ. ಬಾಬಾಸಾಹೇಬರೂ ತಾವು ಪಡೆದ ವಿದ್ಯೆ ಎಲ್ಲರಿಗೂ ಸಿಗಲೆಂದು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಮರುವರ್ಷ ಮುಂಬೈಯಲ್ಲಿ ಆರಂಭವಾದ ಕಾಲೇಜಿಗೆ ಸಿದ್ಧಾರ್ಥರ ಹೆಸರಿಟ್ಟರು.

ಪರೀಕ್ಷೆ ಹತ್ತಿರ ಬಂದಿದೆ. ಇಂದು ಮಕ್ಕಳಿಗೆ ಅಂಕ ಎಷ್ಟೆಂದು ಕೇಳುವ ಮೊದಲು, ಯಾರಿಗೆ ಒಂದು ಲೆಕ್ಕ ತಿಳಿಸಿಕೊಟ್ಟೆ ಎಂದು ಕೇಳೋಣ.

ಭವತು ಸಬ್ಬ ಮಂಗಲಂ. 🙏