ಒಂದೇ ಮಗು, ಎರಡು ಅಪ್ರೈಸಲ್

ಮಗಳಿಗೆ ಹತ್ತು ತಿಂಗಳಾಗಿದ್ದಾಗ ನನಗೆ ಪ್ರಮೋಷನ್ ಬಂತು. ಮ್ಯಾನೇಜರ್ ಕೈಕುಲುಕಿ, "ಈಗ ನೀವು ಸಂಸಾರಸ್ಥರು, ಜವಾಬ್ದಾರಿ ಗೊತ್ತಿರೋರು" ಅಂದರು. ಅದೇ ತಿಂಗಳು ನನ್ನ ಹೆಂಡತಿಗೂ ಅಪ್ರೈಸಲ್. ಅವಳದ್ದೂ ಸಾಫ್ಟ್‌ವೇರ್ ಕೆಲಸವೇ, ಬೇರೆ ಕಂಪನಿ. "ಮಗು ಚಿಕ್ಕದು, ಸದ್ಯಕ್ಕೆ ಆರಾಮಾಗಿರೋ ಪ್ರಾಜೆಕ್ಟ್ ತಗೊಳ್ಳಿ" ಅಂದರಂತೆ. ಇಬ್ಬರು ಮ್ಯಾನೇಜರುಗಳೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದೇ ಮಗು ನನ್ನ ಲೆಕ್ಕದಲ್ಲಿ ಜವಾಬ್ದಾರಿ, ಅವಳ ಲೆಕ್ಕದಲ್ಲಿ ಅಡಚಣೆ.

ರಾತ್ರಿ ಸ್ವೀಟ್ ಬಾಕ್ಸ್ ತೆಗೆದಿಟ್ಟೆ. ಒಂದು ಪೇಡ ತಿಂದು ಕೇಳಿದಳು: "ಇದನ್ನ ನಾವು ಯಾವಾಗ ತೀರ್ಮಾನ ಮಾಡಿದ್ವಿ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾಕಂದ್ರೆ ತೀರ್ಮಾನ ಮಾಡಿಯೇ ಇರಲಿಲ್ಲ. ಮಗುವಿಗೆ ಜ್ವರ ಬಂದಾಗ ನನಗೆ ರಿಲೀಸ್ ಇರ್ತಿತ್ತು. "ನಿಮ್ಮ ಸಂಬಳವೇ ಜಾಸ್ತಿ, ನಾನೇ ರಜೆ ಹಾಕ್ತೀನಿ ಬಿಡಿ" ಅಂತ ಅವಳೇ ಅನ್ನುತ್ತಿದ್ದಳು. ಲೆಕ್ಕ ಸರಿಯಾಗೇ ಇತ್ತು. ಆದರೆ ನನ್ನ ಸಂಬಳ ಯಾಕೆ ಜಾಸ್ತಿ? ನಾನು ಮೂರು ವರ್ಷ ದೊಡ್ಡವನು, ಮೂರು ವರ್ಷ ಮೊದಲೇ ಕೆಲಸಕ್ಕೆ ಸೇರಿದವನು. ನಮ್ಮ ಕಡೆ ಸಂಬಂಧ ನೋಡುವಾಗ ಹುಡುಗ ವಯಸ್ಸಲ್ಲೂ ಸಂಬಳದಲ್ಲೂ ಸ್ವಲ್ಪ ಮೇಲಿರಬೇಕು ಅಂತಾರಲ್ಲ, ರಜೆ ಯಾರು ಹಾಕಬೇಕು ಅನ್ನೋದೂ ಆವತ್ತೇ ನಿರ್ಧಾರವಾಗಿಬಿಟ್ಟಿತ್ತು.

ಉಳಿದದ್ದನ್ನು ರಜೆಯ ನಿಯಮ ಮಾಡಿತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆಗಲೇಬೇಕಾಗಿದ್ದ ಕೆಲಸ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಉಂಟು. ನಮ್ಮಂಥ ಖಾಸಗಿಯವರಿಗೆ ಕಂಪನಿ ಕೊಟ್ಟಷ್ಟೇ. ನನಗೆ ಸಿಕ್ಕಿದ್ದು ಒಂದು ವಾರ. ಆ ಆರು ತಿಂಗಳಲ್ಲಿ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಅಂತ ಅವಳು ಕಲಿತಳು. ನಾನು ಮನೆಯಲ್ಲಿ ಟ್ರೈನಿಯಾಗೇ ಉಳಿದೆ. ಆಮೇಲೆ "ನಿನಗೇ ಚೆನ್ನಾಗಿ ಗೊತ್ತಲ್ಲ" ಅನ್ನೋದು ನನಗೆ ಒಳ್ಳೆ ನೆಪವಾಯ್ತು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಕೆಲವು ಕೆಲಸಗಳನ್ನು ದುರಾಸೆಯ ಕೆಲಸ ಅಂತಾರೆ. ಹೊತ್ತಲ್ಲದ ಹೊತ್ತಲ್ಲಿ ಕರೆದರೂ ಬರುವವನಿಗೇ ಅವು ಹೆಚ್ಚು ಕೊಡೋದು. ರಾತ್ರಿ ಹತ್ತರ ಅಮೆರಿಕ ಕಾಲ್‌ಗೆ ನಾನು ಯಾವಾಗಲೂ ಸಿಗುತ್ತಿದ್ದೆ. ಯಾಕಂದ್ರೆ ಪಕ್ಕದ ರೂಮಿನಲ್ಲಿ ಇನ್ನೊಬ್ಬಳು ಮಗುವಿಗೆ ಸಿಗುತ್ತಿದ್ದಳು.

ಒಂದೇ ಮನೆ, ಲೆಕ್ಕ ಯಾಕೆ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ದುಡ್ಡೇನೋ ಒಂದೇ ಮನೆಗೆ ಬರುತ್ತೆ. ಆದರೆ ಅನುಭವ, ಹುದ್ದೆ, ನಾಳೆ ಬೇರೆ ಕೆಲಸ ಹುಡುಕುವ ಧೈರ್ಯ ಒಬ್ಬರ ಹೆಸರಿಗೇ ಜಮಾ ಆಗುತ್ತೆ. ರೆಸ್ಯೂಮೆಗೆ ಜಂಟಿ ಖಾತೆ ಇಲ್ಲ.

ನಮ್ಮವ್ವ ಗದ್ದೆ ಬದುವಿನ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ, ನನ್ನನ್ನು ಮಲಗಿಸಿ ನಾಟಿ ಹಾಕಿದವಳು. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಆದರೆ ಅತ್ತಾಗ ನಾಟಿ ಬಿಟ್ಟು ಓಡಿ ಬರಬೇಕಾದವಳು ಅವ್ವನೇ, ಗಂಡಾಳಿಗಿಂತ ಕಡಿಮೆ ಕೂಲಿ ಸಿಗುತ್ತಿದ್ದದ್ದೂ ಅವ್ವನಿಗೇ. ಎಸಿ ಆಫೀಸಿಗೆ ಬಂದರೂ ನಾನು ಅಲ್ಲಿಂದ ಬಹಳ ದೂರ ಬಂದಿಲ್ಲ.

ಯಾರೂ ತೀರ್ಮಾನ ಮಾಡದ ಅನ್ಯಾಯಕ್ಕೆ ಯಾರು ಹೊಣೆ? ಅದರಿಂದ ಲಾಭ ಆದವನು ಅಂತ ನನಗೀಗ ಅನಿಸುತ್ತೆ. ಅವನು ಕೆಟ್ಟವನು ಅಂತಲ್ಲ. ಬದಲಾಯಿಸೋಕೆ ಅವನ ಕೈಯಲ್ಲಿ ಏನೋ ಇದೆ ಅಂತ.

ವಾರದಲ್ಲಿ ಎರಡು ರಾತ್ರಿ ಕಾಲ್‌ಗೆ ಬರಲ್ಲ ಅಂತ ಹೇಳಿದ್ದೇನೆ. ಮುಂದಿನ ಅಪ್ರೈಸಲ್‌ನಲ್ಲಿ ಇದು ಕಾಣಿಸಬಹುದು, ಕಾಣಿಸಲಿ. ಡೇಕೇರ್‌ನಲ್ಲಿ ಮೊದಲ ನಂಬರ್ ನನ್ನದು ಕೊಟ್ಟಿದ್ದೇನೆ. ಹೋದ ವಾರ ಡೆಮೊ ನಡುವೆಯೇ ಫೋನ್ ಬಂತು, ಮಗುವಿಗೆ ಜ್ವರ. ಎದ್ದೆ. "ಮನೇಲಿ ಮಿಸೆಸ್ ಇಲ್ವಾ?" ಅಂದ ಪಕ್ಕದವನು.

"ಇದ್ದಾಳೆ," ಅಂದೆ. "ಅವಳಿಗೂ ಡೆಮೊ ಇದೆ."