ಬೀಜಕ್ಕೆ ಇಟ್ಟ ಹಣ್ಣು

ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಉಂಡು ಬೇಸತ್ತು, ಐಗುಪ್ತದಲ್ಲಿ ತಿಂದ ಸೌತೆ ಕಲ್ಲಂಗಡಿಗಳನ್ನು ನೆನಸಿ ಅತ್ತರೆಂದು ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಹಣ್ಣು ಬರೀ ಕಲ್ಪನೆಯಲ್ಲ. 1922ರಲ್ಲಿ ಸಿಕ್ಕಿದ ಟುಟಾಂಖಾಮನ್ ಎಂಬ ಫರೋಹನ ಸಮಾಧಿಯೊಳಗೆ ಕಲ್ಲಂಗಡಿಯ ಬೀಜಗಳು ಇದ್ದವು. ಬಾಯಾರಿದವನು ತಂಪಾದ ಹಣ್ಣನ್ನು ಬಯಸುವದು ಪಾಪವೆಂದು ನಾವು ಹೇಳುವದಿಲ್ಲ. ಆದರೆ ಹಣ್ಣಿನ ರುಚಿಯನ್ನು ನೆನಸುವವರು ಬಹು ಮಂದಿ, ಅದರ ಬೀಜವನ್ನು ಕಾಯುವವರು ಸ್ವಲ್ಪ ಮಂದಿ. ಈ ಸ್ವಲ್ಪ ಮಂದಿಯ ವಿಷಯವಾಗಿ ಇಂದು ಮಾತಾಡುತ್ತೇವೆ.

ಅಮೇರಿಕಾ ದೇಶದಲ್ಲಿ 'ಚಂದ್ರನೂ ನಕ್ಷತ್ರಗಳೂ' ಎಂಬ ಅರ್ಥದ ಹೆಸರುಳ್ಳ ಒಂದು ಕಲ್ಲಂಗಡಿ ತಳಿಯುಂಟು. ಅದರ ಕಡು ಹಸುರು ಸಿಪ್ಪೆಯ ಮೇಲೆ ಸಣ್ಣ ಹಳದಿ ಚುಕ್ಕೆಗಳು ನಕ್ಷತ್ರಗಳಂತೆಯೂ ದೊಡ್ಡ ಮಚ್ಚೆಯು ಚಂದ್ರನಂತೆಯೂ ತೋರುವವು; ಎಲೆಗಳಿಗೂ ಚುಕ್ಕೆಗಳುಂಟು. 1926ರಲ್ಲಿ ಬೀಜದ ವ್ಯಾಪಾರಿಗಳು ಅದನ್ನು ಮಾರಾಟಕ್ಕೆ ತಂದರು. ಬರಬರುತ್ತಾ ಅಂಗಡಿಯವರು ಅದನ್ನು ಕೈಬಿಡಲು, ಅದು ಅಳಿದುಹೋಯಿತೆಂದೇ ಜನರು ತಿಳಿದರು. ಹಳೆಯ ಬೀಜಗಳನ್ನು ಉಳಿಸುವದಕ್ಕಾಗಿ 1975ರಲ್ಲಿ ಅಲ್ಲಿ ಹುಟ್ಟಿದ ಸಂಘದವರು ಹುಡುಕುತ್ತಿರಲಾಗಿ, 1980ರ ಸುಮಾರಿಗೆ ಮಿಸೂರಿ ಸಂಸ್ಥಾನದ ಮೇಕನ್ ಊರಿನ ಬಳಿ ಒಬ್ಬ ರೈತನು ಅದನ್ನು ಬೆಳೆಯುತ್ತಿರುವದು ತಿಳಿದುಬಂತು. ಅವನು ಬೀಜವನ್ನು ಕೊಟ್ಟನು. ಬಚ್ಚಿಟ್ಟುಕೊಂಡಿದ್ದರೆ ಅದು ಅವನ ಸಂಗಡಲೇ ಮಣ್ಣಿಗೆ ಹೋಗಬಹುದಾಗಿತ್ತು.

ಬೀಜವನ್ನು ಕಾಯುವದೆಂದರೆ ಡಬ್ಬಿಯಲ್ಲಿ ಮುಚ್ಚಿಡುವದಲ್ಲ. ಕಲ್ಲಂಗಡಿಯಲ್ಲಿ ಸಾಮಾನ್ಯವಾಗಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಕೆಳಗೆ ಗೋಲಿಯಷ್ಟು ಹೀಚು ಕಾಣುವದು. ಜೇನುಹುಳಗಳು ಹೂವಿನ ಪರಾಗವನ್ನು ದೂರ ಒಯ್ಯುವದರಿಂದ, ನೆರೆಹೊಲದಲ್ಲಿ ಬೇರೆ ಕಲ್ಲಂಗಡಿಯಿದ್ದರೆ ಬೆರಕೆಯಾಗುವದು. (ಸೌತೆ ಕುಂಬಳಗಳೊಡನೆ ಅದು ಬೆರೆಯದು, ಪಕ್ಕದ ಸೌತೆಯಿಂದ ಹಣ್ಣು ಸಪ್ಪೆಯಾಯಿತೆಂಬ ಮಾತನ್ನು ನಂಬಬೇಡಿರಿ.) ಆದಕಾರಣ ಜಾಗ್ರತೆಯುಳ್ಳವನು ಮರುದಿನ ಅರಳಲಿರುವ ಗಂಡು ಹೆಣ್ಣು ಮೊಗ್ಗುಗಳಿಗೆ ಸಂಜೆಯೇ ಬಟ್ಟೆಯ ಚಿಕ್ಕ ಚೀಲ ಕಟ್ಟಿ, ಮುಂಜಾನೆ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಸವರಿ, ತಿರಿಗಿ ಚೀಲ ಕಟ್ಟಿ, ಹೀಚು ನಿಂತ ಮೇಲೆ ತೊಟ್ಟಿಗೆ ದಾರದ ಗುರುತು ಹಾಕುವನು.

ಬೆರಕೆಯಾದ ವರ್ಷ ಹಣ್ಣಿನಲ್ಲಿ ಏನೂ ತೋರದು. ಸಿಪ್ಪೆ ಅದೇ, ಸಿಹಿ ಅದೇ. ದೋಷವು ಬೀಜದೊಳಗೆ ಅಡಗಿದ್ದು, ಮುಂದಿನ ವರ್ಷ ಬಿತ್ತಿದಾಗಲೇ ಹೊರಬೀಳುವದು. ನಮ್ಮ ಮನೆಗಳಲ್ಲಿ ಹೇಗಿದೆ? ಆದಿತ್ಯವಾರ ಕೀರ್ತನೆ ಹಾಡಿ, ಸೋಮವಾರ ಸಂತೆಯಲ್ಲಿ ತಪ್ಪು ತೂಕ ತೂಗಿದರೆ ಸಭೆಯವರಿಗೆ ತಿಳಿಯಲಿಕ್ಕಿಲ್ಲ. ತಕ್ಕಡಿಯ ಪಕ್ಕದಲ್ಲಿ ನಿಂತಿರುವ ಮಗನಿಗೆ ತಿಳಿಯುವದು. ತಿಮೊಥೆಯನ ನಂಬಿಕೆಯು ಮೊದಲು ಅಜ್ಜಿಯಾದ ಲೋವಿಯಲ್ಲಿ, ಬಳಿಕ ತಾಯಿಯಾದ ಯೂನಿಕೆಯಲ್ಲಿ ಇತ್ತೆಂದು ಪೌಲನು ಬರೆದನಲ್ಲವೇ? ಆ ಅಜ್ಜಿಯು ಎಷ್ಟು ಸಂಜೆ ಎಷ್ಟು ಮೊಗ್ಗುಗಳಿಗೆ ಚೀಲ ಕಟ್ಟಿದಳೋ!

ಅಂಗಡಿಯ ಹೈಬ್ರಿಡ್ ಬೀಜವು ಒಳ್ಳೇ ಬೆಳೆ ಕೊಡುವದು, ಅದನ್ನು ನಾವು ಹಳಿಯುವದಿಲ್ಲ. ಆದರೆ ಅದರ ಹಣ್ಣಿನ ಬೀಜ ತಾಯಿಯಂತೆ ಹುಟ್ಟದ ಕಾರಣ ವರುಷ ವರುಷ ಕೊಳ್ಳಬೇಕು. ಕಾಯತಕ್ಕದ್ದು ಜವಾರಿ ಬೀಜವನ್ನೇ. ಅದಕ್ಕೆ ಬಳ್ಳಿಯ ಅತ್ಯುತ್ತಮ ಹಣ್ಣು ಬೇಕು, ಸಂತೆಯಲ್ಲಿ ಹೆಚ್ಚು ದುಡ್ಡು ತರುವದೂ ಅದೇ ಹಣ್ಣು. ಸಾಲಗಾರರು ಬಾಗಿಲಲ್ಲಿ ಕೂತಿರುವ ಮನೆಗೆ ಇದು ಹಗುರವಾದ ಮಾತಲ್ಲವೆಂದು ಬಲ್ಲೆವು. ಆದರೂ ಮಾರಿ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಇಟ್ಟವನ ಬೆಳೆ ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬರುವದು. ಇದರಲ್ಲಿಯೂ ದೇವರ ಕರುಣೆಯನ್ನು ನೋಡಿರಿ: ಬದನೆ ಸೌತೆಗಳನ್ನು ಬೀಜಕ್ಕೆ ಬಿಟ್ಟರೆ ಊಟಕ್ಕೆ ಬಾರವು, ಕಲ್ಲಂಗಡಿಯನ್ನಾದರೋ ಮನೆಯವರೂ, ಕೊಳ್ಳಲಾರದ ನೆರೆಯವರೂ ಕೂಡಿ ತಿಂದು ಬೀಜವನ್ನು ಉಗುಳಿದರೆ ಸಾಕು.

ಚಳಿ ಹಿಂಜರಿದ ಮೇಲೆ ಹಿತ್ತಲಿನ ಬಿಸಿಲುಳ್ಳ ಕಡೆ 6 ಅಡಿಗೊಂದು ಗುಂಡಿ ತೋಡಿ, ಕೊಳೆತ ಗೊಬ್ಬರ ತುಂಬಿ, ಬೆರಳಿನ ಒಂದು ಗೆಣ್ಣಿನಾಳಕ್ಕೆ ನಾಲ್ಕು ಬೀಜ ಊರಿ, ಎರಡು ಸಸಿ ಉಳಿಸಿರಿ. ತೊಟ್ಟಿನ ಬಳಿಯ ಸುರುಳಿ ಕುಡಿ ಒಣಗಿ, ನೆಲಕ್ಕೆ ತಾಗಿದ ಮೈ ಹಳದಿಯಾದರೆ ಹಣ್ಣಾಯಿತು. ಬೀಜವನ್ನು ತೊಳೆದು ನೆರಳಲ್ಲಿ ಒಣಗಿಸಿ, ಬೂದಿ ಬೆರಸಿ ಸೀಸೆಯಲ್ಲಿಟ್ಟು, ಅರ್ಧವನ್ನು ಸಭೆಯ ಇನ್ನೊಂದು ಮನೆಗೆ ಕೊಡಿರಿ. ಒಂದು ವರ್ಷ ನಿಮ್ಮ ಬಳ್ಳಿ ರೋಗದಿಂದ ಸತ್ತರೆ ಅವರಲ್ಲಿ ಕೇಳಿ ತರಬಹುದು.