ಅಂತರವೂ ಸೂತಕವೂ

ಸೂತಕವನ್ನು ಒಪ್ಪದವರು ಮನುಷ್ಯ ಮನುಷ್ಯರ ನಡುವೆ ಅಂತರ ಕಾಯುವುದು ಯುಕ್ತವೇ? 2020ರಲ್ಲಿ ಕೋವಿಡ್ ವ್ಯಾಧಿಯು ನಾಡನ್ನು ವ್ಯಾಪಿಸಿದಾಗ ಈ ಪ್ರಶ್ನೆ ಅನೇಕ ಭಕ್ತರ ಮನಸ್ಸನ್ನು ಕಾಡಿತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳ ನಿರಾಕರಣೆಯು ನಮ್ಮ ಪರಂಪರೆಯಲ್ಲಿ ಎಂತಹ ಸ್ಥಾನವನ್ನು ಪಡೆದಿದೆಯೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಂತಹ ಸಂಸ್ಕಾರದಲ್ಲಿ ಬೆಳೆದವನು, ಎದುರಿಗೆ ಬಂದವನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿಯಬೇಕಾಗಿ ಬಂದಾಗ ಸಂಕೋಚಪಟ್ಟರೆ ಅದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಆ ಸಂಕೋಚದ ಹಿಂದೆ ಶತಮಾನಗಳ ನೋವಿನ ನೆನಪಿದೆ.

ಆ ದಿನಗಳಲ್ಲಿ ಬಳಕೆಗೆ ಬಂದ ‘ಸಾಮಾಜಿಕ ಅಂತರ’ವೆಂಬ ಮಾತು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ ತಿಂಗಳಿನಲ್ಲಿ ಅದನ್ನು ಬಿಟ್ಟು ‘ಭೌತಿಕ ಅಂತರ’ವೆನ್ನತೊಡಗಿತು; ನಮ್ಮಲ್ಲಿ ಮಾತ್ರ ಹಳೆಯ ಮಾತೇ ಉಳಿಯಿತು. ಸಾಮಾಜಿಕ ಅಂತರ ಈ ನಾಡಿಗೆ ಹೊಸದೇನು? ಕೇರಿ ಬೇರೆ, ಬಾವಿ ಬೇರೆ, ಲೋಟ ಬೇರೆ. ಅದನ್ನು ಯಾವ ವೈದ್ಯನೂ ವಿಧಿಸಿರಲಿಲ್ಲ!

ಈ ಎರಡು ಅಂತರಗಳ ಹೊರರೂಪ ಒಂದೇ ಆಗಿ ಕಾಣುವುದರಿಂದಲೇ ವಿವೇಚನೆ ಅವಶ್ಯವಾಗುತ್ತದೆ. ಸೂತಕದ ದೃಷ್ಟಿಯಲ್ಲಿ ಮೈಲಿಗೆಯು ಸದಾ ಎದುರಿನವನಲ್ಲಿರುತ್ತದೆ, ‘ನಾನು’ ನಿತ್ಯಶುದ್ಧ. ಮುಖಗವಸನ್ನು ಧರಿಸುವವನು ಈ ಲೆಕ್ಕವನ್ನು ತಿರುವುಮುರುವು ಮಾಡುತ್ತಾನೆ. ಕೋವಿಡ್ ರೋಗಾಣುವು ಜ್ವರ ಕೆಮ್ಮುಗಳು ತೋರುವುದಕ್ಕೆ ಒಂದೆರಡು ದಿನ ಮೊದಲೇ ಉಸಿರಿನೊಡನೆ, ಮಾತಿನೊಡನೆ ಹೊರಬೀಳಬಲ್ಲದು. ಆದುದರಿಂದ ಗಟ್ಟಿಮುಟ್ಟಾಗಿರುವವನೂ ‘ಅಪಾಯವು ನನ್ನಲ್ಲಿಯೇ ಇರಬಹುದು’ ಎಂದು ಶಂಕಿಸಿಕೊಳ್ಳಬೇಕಾಗುತ್ತದೆ. ಸಾಧಾರಣ ಬಟ್ಟೆಯ ಗವಸು ಧರಿಸಿದವನನ್ನು ಕಾಯುವುದು ಸ್ವಲ್ಪ. ಅವನ ಬಾಯಿಂದ ಸಿಡಿಯುವ ಹನಿಗಳನ್ನು ತಡೆದು ಎದುರಿನವನನ್ನು ಕಾಯುವುದು ಅದಕ್ಕಿಂತ ಹೆಚ್ಚು. ಅದು ಪೂರ್ಣ ರಕ್ಷೆಯಂತೂ ಅಲ್ಲ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ನುಸುಳಿಯೇ ನುಸುಳುತ್ತವೆ. ಜೈನರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧುಗಳು ಬಾಯಿಗೆ ಮುಹಪತ್ತಿ ಕಟ್ಟುವುದೂ ತಮ್ಮ ಉಸಿರಿನಿಂದ ಗಾಳಿಯ ಜೀವಿಗಳಿಗೆ ಹಿಂಸೆಯಾಗದಿರಲೆಂದೇ ಅಲ್ಲವೇ?

‘ನಾನು ಶುದ್ಧ’ನೆಂಬ ಭಾವದ ಫಲವೇನೆಂಬುದಕ್ಕೆ ಚೀನಾದ ಚರಿತ್ರೆಯಲ್ಲೊಂದು ನಿದರ್ಶನವುಂಟು. 1910ರ ಕೊನೆಯಲ್ಲಿ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತು. ಪೆನಾಂಗಿನಲ್ಲಿ ಜನಿಸಿ ಕೇಂಬ್ರಿಜ್‌ನಲ್ಲಿ ಓದಿದ ತರುಣ ವೈದ್ಯ ವೂ ಲಿಯೆನ್ ತೆ ಹಾರ್ಬಿನ್ ನಗರಕ್ಕೆ ಬಂದು, ಈ ರೋಗ ಇಲಿ ಚಿಗಟಗಳ ಮೂಲಕವಲ್ಲದೆ ಉಸಿರಿನಿಂದಲೇ ಹರಡುತ್ತಿದೆಯೆಂದು ಕಂಡುಕೊಂಡರು; ಜಾಳಿಬಟ್ಟೆ ಹಾಗೂ ಹತ್ತಿಯಿಂದ ಮುಖಗವಸು ಮಾಡಿಸಿದರು. ಫ್ರೆಂಚ್ ವೈದ್ಯ ಮೆನಿ ಅವರು ಈ ಚೀನೀಯನ ಮಾತನ್ನು ತುಚ್ಛವಾಗಿ ಕಂಡರೆಂದು ವೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗವಸಿಲ್ಲದೆಯೇ ರೋಗಿಗಳನ್ನು ಪರೀಕ್ಷಿಸಿದ ಮೆನಿ ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ರೋಗದಿಂದ ಅಸುನೀಗಿದರು. ಸುಮಾರು 60,000 ಜನರನ್ನು ಬಲಿತೆಗೆದುಕೊಂಡ ಆ ಮಾರಿ ವಸಂತದ ಹೊತ್ತಿಗೆ ಅಡಗಿತು.

ಮುಖ ಮುಚ್ಚಿಕೊಳ್ಳುವುದೂ ಬಿಡುವುದೂ ನನ್ನ ಸ್ವಾತಂತ್ರ್ಯವೆಂಬ ವಾದವೂ ಕೇಳಿಬಂದಿತು. ವ್ಯಕ್ತಿಸ್ವಾತಂತ್ರ್ಯದ ಪರಮ ಪ್ರತಿಪಾದಕನಾದ ಮಿಲ್ ತನ್ನ 1859ರ ಗ್ರಂಥದಲ್ಲಿ ಆ ಸ್ವಾತಂತ್ರ್ಯಕ್ಕೆ ಎಳೆದ ಗಡಿಯು ಪರರಿಗಾಗುವ ಹಾನಿಯೇ ಆಗಿರುವುದರಿಂದ, ಈ ವಾದವನ್ನು ಬೆಳೆಸುವ ಅಗತ್ಯ ಕಾಣುವುದಿಲ್ಲ.

ಆದರೆ ಅಂತರವು ಸೂತಕವಾಗಿ ಮಾರ್ಪಡಲು ಹೆಚ್ಚು ಹೊತ್ತು ಹಿಡಿಯಲಿಲ್ಲವೆಂಬುದನ್ನೂ ಹೇಳಲೇಬೇಕು. ರೋಗಿಗಳ ಸೇವೆ ಮಾಡಿ ಬಂದ ದಾದಿಯರಿಗೆ, ವೈದ್ಯರಿಗೆ ಮನೆ ಖಾಲಿ ಮಾಡಿರೆಂದವರು ಅಂತರವನ್ನು ಕಾಯ್ದರೇ, ಮೈಲಿಗೆಯನ್ನು ಆಚರಿಸಿದರೇ? 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಮೃತರಾದವರ ದೇಹಗಳನ್ನು ಗುಂಡಿಗೆ ಎಸೆದ ದೃಶ್ಯವನ್ನು ನಾಡೆಲ್ಲ ಕಂಡಿತು. ಜಿಲ್ಲಾಡಳಿತವು ಕ್ಷಮೆ ಕೋರಿತು. ಲಿಂಗೈಕ್ಯನಾದವನ ದೇಹಕ್ಕೆ ವಿಭೂತಿ ಪತ್ರೆಗಳನ್ನು ಅರ್ಪಿಸಿ ಸಮಾಧಿ ಮಾಡುವ ಜನ ನಾವು. ಮರಣಸೂತಕವಿಲ್ಲವೆಂದು ಬಾಯಲ್ಲಿ ಹೇಳುತ್ತ, ಹೆತ್ತವರ ದೇಹವನ್ನು ಸ್ವೀಕರಿಸಲು ಹಿಂಜರಿದ ಮಕ್ಕಳೂ ಇದ್ದರು. ಅದೇ ಊರುಗಳಲ್ಲಿ ರಕ್ಷಾಕವಚ ತೊಟ್ಟು ಅಪರಿಚಿತರ ಅಂತ್ಯಸಂಸ್ಕಾರ ನೆರವೇರಿಸಿದ ಯುವಕರಿದ್ದರು; ಸೋಂಕಿತರ ಮನೆಯ ಕಟ್ಟೆಯ ಮೇಲೆ ಬುತ್ತಿಯಿಟ್ಟು ದೂರದಿಂದಲೇ ಹೆಸರು ಹಿಡಿದು ಕೂಗಿದ ನೆರೆಯವರಿದ್ದರು. ಅವರೂ ಆರು ಅಡಿ ದೂರದಲ್ಲಿಯೇ ನಿಂತಿದ್ದರು.

ಇನ್ನೊಂದು ಮಾತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಯಲ್ಲಿ ಅಂತರವೆಲ್ಲಿ? ನಿತ್ಯದ ಕೂಲಿಯಿಂದ ಒಲೆ ಹಚ್ಚುವವನಿಗೆ ಮನೆಯಲ್ಲಿರೆಂದರೆ ಉಪವಾಸವಿರೆಂದಂತೆಯೇ. ಅಂತರವನ್ನು ಕಾಯಬಲ್ಲ ಅನುಕೂಲವುಳ್ಳವನ ಕರ್ತವ್ಯವು ತಾನು ಬಾಗಿಲು ಹಾಕಿಕೊಂಡಲ್ಲಿಗೆ ಮುಗಿಯುವುದಿಲ್ಲ. ಕಾಯಲಾರದವನ ಮನೆಗೆ ಅಕ್ಕಿ ಬೇಳೆ ತಲಪಿತೇ ಎಂಬುದೂ ಅದರೊಳಗೇ ಸೇರುತ್ತದೆ.

2023ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಈಗ ದಂಡದ ಭಯವಿಲ್ಲ, ಫಲಕಗಳಿಲ್ಲ. ನೆಗಡಿ ಕೆಮ್ಮು ಹಿಡಿದವರು ಜಾತ್ರೆಗೂ ಬರುತ್ತಾರೆ, ದಾಸೋಹದ ಪಂಕ್ತಿಯಲ್ಲಿಯೂ ಕುಳಿತುಕೊಳ್ಳುತ್ತಾರೆ. ಪಕ್ಕದಲ್ಲಿ ಎಂಬತ್ತು ದಾಟಿದ ವೃದ್ಧರಿರುತ್ತಾರೆ. ಅಂತಹವರು ಬಾಯಿಗೆ ವಸ್ತ್ರ ಕಟ್ಟಿಕೊಂಡು ಬಂದು ಪಂಕ್ತಿಯ ಕೊನೆಯಲ್ಲಿ ತಾವಾಗಿಯೇ ಕುಳಿತರೆ ಸಾಕು. ಬಡಿಸುವವರು ಅಲ್ಲಿಂದಲೇ ಬಡಿಸಲು ಆರಂಭಿಸಲಿ.